ಮದ್ದಿಗೊಂದು ಆಕಾರ: ಕಬ್ಬಿಣದ ಕೊಳವೆಯಿಂದ ತ್ರೀಡಿ ಮುದ್ರಣದವರೆಗೆ

2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ಒಂದು ಹಾಳುಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯಿತು. ಪುರಾತತ್ತ್ವ ಇಲಾಖೆಯವರು ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಪಠ್ಯಪುಸ್ತಕದಲ್ಲಿ ಒಂದೆರಡು ಸಾಲಿಗೆ ಮುಗಿಯುವ ಮೈಸೂರು ರಾಕೆಟ್ಟಿನ ಕಥೆ ಅಲ್ಲಿಗೇ ನಿಂತಿಲ್ಲ. ಅದು ಇಂದಿನ ತ್ರೀಡಿ ಮುದ್ರಣದವರೆಗೂ ಸಾಗಿ ಬಂದಿದೆ.

ಮದ್ದು ಉರಿದರೆ ಅನಿಲವಾಗುತ್ತದೆ. ಆ ಅನಿಲ ಒಂದೇ ದಿಕ್ಕಿನಲ್ಲಿ ರಭಸದಿಂದ ಹೊರನುಗ್ಗಿದರೆ ರಾಕೆಟ್ ಹಾರುತ್ತದೆ. ಕಾಗದ, ಬಿದಿರಿನ ಕೊಳವೆ ಹೆಚ್ಚು ಒತ್ತಡ ತಡೆಯುವುದಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ಕುಶಲಕರ್ಮಿಗಳು ಕಬ್ಬಿಣದ ಕೊಳವೆ ಬಳಸಿದರು. ಒತ್ತಡ ಹೆಚ್ಚಿತು, ದೂರವೂ ಹೆಚ್ಚಿತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಬ್ರಿಟಿಷರು ಇದರ ಬಿಸಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗ ನಡೆಸಿ, ತನ್ನದೇ ರಾಕೆಟ್ ರೂಪಿಸಿ, ಅದರ ಬಗ್ಗೆ ಬರೆದು ಪ್ರಕಟಿಸಿದ. ಅವನ ಹೆಸರು ಉಳಿಯಿತು. ಕೊಳವೆ ಬಡಿದ ನಮ್ಮ ಕಮ್ಮಾರರ ಹೆಸರು ಉಳಿಯಲಿಲ್ಲ.

ಕೊಳವೆ ಗಟ್ಟಿಯಾದರೂ ಒಳಗಿನ ಮದ್ದಿನ ತೊಂದರೆ ಉಳಿದೇ ಇತ್ತು. ಮದ್ದು ಉರಿಯುವುದು ಮೇಲ್ಮೈಯಿಂದ. ತುಂಬಿದ ಮದ್ದಿನಲ್ಲಿ ಬಿರುಕು ಬಿಟ್ಟರೆ ಉರಿಯುವ ಮೇಲ್ಮೈ ಒಮ್ಮೆಲೇ ಹಿಗ್ಗುತ್ತದೆ, ಒತ್ತಡ ಮಿತಿಮೀರಿ ರಾಕೆಟ್ ಒಡೆಯುತ್ತದೆ. 1942ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಪಾರ್ಸನ್ಸ್ ಇದಕ್ಕೊಂದು ದಾರಿ ಕಂಡುಕೊಂಡರು. ಪುಡಿಯನ್ನು ಒತ್ತಿ ತುಂಬುವ ಬದಲು, ಕರಗಿಸಿದ ಡಾಂಬರಿನಲ್ಲಿ ಬೆರೆಸಿ ಎರಕ ಹೊಯ್ದರು. ಮುಂದೆ ಡಾಂಬರಿನ ಜಾಗಕ್ಕೆ ರಬ್ಬರಿನಂಥ ವಸ್ತುಗಳು ಬಂದವು. ನಮ್ಮ ಪಿ.ಎಸ್.ಎಲ್.ವಿ.ಯ ಮೊದಲ ಹಂತದಲ್ಲಿರುವ ಸುಮಾರು 138 ಟನ್ ಘನ ಇಂಧನವೂ ಹೀಗೆ ಎರಕ ಹೊಯ್ದದ್ದೇ.

ಎರಕದ ನಡುವೆ ಅಚ್ಚು ಇಟ್ಟು, ಇಂಧನ ಗಟ್ಟಿಯಾದ ಮೇಲೆ ಹೊರಗೆಳೆದರೆ ಅದೇ ಆಕಾರದ ರಂಧ್ರ ಉಳಿಯುತ್ತದೆ. ರಂಧ್ರ ನಕ್ಷತ್ರಾಕಾರವಾಗಿದ್ದರೆ ಉರಿಯುವ ಮೇಲ್ಮೈ ಕೊನೆಯವರೆಗೂ ಹೆಚ್ಚುಕಡಿಮೆ ಸಮನಾಗಿರುತ್ತದೆ. ಬೆಂಕಿ ಎಷ್ಟು ಹೊತ್ತಿನಲ್ಲಿ ಎಷ್ಟು ಬಲ ಕೊಡಬೇಕೆಂಬುದನ್ನು ಹೀಗೆ ಆಕಾರವೇ ನಿರ್ಧರಿಸುತ್ತದೆ. ಆದರೆ ಹೊರಗೆಳೆಯಲು ಬರುವ ಆಕಾರವನ್ನು ಮಾತ್ರ ಅಚ್ಚಿನಿಂದ ಮಾಡಬಹುದು.

ಈ ಮಿತಿಯನ್ನು ದಾಟಲು ಬಂದದ್ದೇ ತ್ರೀಡಿ ಮುದ್ರಣ. ಚಕ್ಕುಲಿ ಒತ್ತಿದಂತೆ, ಕಂಪ್ಯೂಟರ್ ಹೇಳಿದ ಜಾಗದಲ್ಲಿ ಪದರದ ಮೇಲೆ ಪದರ ಇಡುವ ವಿಧಾನ ಇದು. ಇದಕ್ಕೆ ಅಚ್ಚು ಬೇಡ. ಇಂಧನದ ಮಿಶ್ರಣ ಜೇಡಿಮಣ್ಣಿನಷ್ಟು ಗಟ್ಟಿ, ಸಣ್ಣ ಮೂತಿಯಿಂದ ಹೊರಬರುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಮೂತಿಯನ್ನೇ ಶ್ರವಣಾತೀತ ಕಂಪನದಿಂದ ಅಲುಗಿಸಿ ಇಂಥ ಗಟ್ಟಿ ಮಿಶ್ರಣವನ್ನು ಮುದ್ರಿಸಬಹುದೆಂದು 2018ರಲ್ಲಿ ತೋರಿಸಿದರು. ಯಂತ್ರ ಕೆಲಸ ಮಾಡುವಾಗ ಮನುಷ್ಯ ದೂರದಲ್ಲಿ ನಿಲ್ಲಬಹುದು ಎಂಬುದು ಇದರ ದೊಡ್ಡ ಲಾಭ. ಆದರೆ ಪದರಗಳ ನಡುವೆ ಗಾಳಿಗುಳ್ಳೆ ಉಳಿದರೆ ಹಳೆಯ ಬಿರುಕಿನ ಅಪಾಯವೇ ಮರಳುತ್ತದೆ.

ಭಾರತದಲ್ಲಿ 2024ರ ಮೇ 30ರಂದು ಅಗ್ನಿಕುಲ್ ಸಂಸ್ಥೆ ಶ್ರೀಹರಿಕೋಟಾದಿಂದ ರಾಕೆಟ್ ಹಾರಿಸಿತು. ಅದರಲ್ಲಿ ಮುದ್ರಿಸಿದ್ದು ಇಂಧನವನ್ನಲ್ಲ, ಲೋಹದ ಎಂಜಿನನ್ನು. ಅದೂ ಒಂದೇ ತುಂಡಾಗಿ. ಅಂದು ಕಮ್ಮಾರನ ಕೈ ಮಾಡಿದ ಕೆಲಸವನ್ನು ಇಂದು ಯಂತ್ರ ಮಾಡುತ್ತಿದೆ.

ಸಾಫ್ಟ್‌ವೇರ್ ಕೆಲಸದವನಾದ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ದಾಖಲೆ. ಮುದ್ರಣ ಯಂತ್ರಕ್ಕೆ ಪ್ರತಿ ಪದರದ ಅಳತೆಯನ್ನೂ ಬರೆದೇ ಕೊಡಬೇಕು. ಬರೆದದ್ದನ್ನು ಇನ್ನೊಬ್ಬರು ಪರೀಕ್ಷಿಸಬಹುದು, ತಿದ್ದಬಹುದು, ಮುಂದುವರಿಸಬಹುದು. ಬಿದನೂರಿನ ಬಾವಿ ನಮಗೆ ರಾಕೆಟ್‌ಗಳನ್ನು ಕೊಟ್ಟಿತು, ಮಾಡಿದವರ ಲೆಕ್ಕದ ಪುಸ್ತಕವನ್ನು ಕೊಡಲಿಲ್ಲ. ಇಂದು ಈ ಶಾಲೆಯ ಪ್ರಯೋಗಾಲಯದಲ್ಲಿ ರೆಕಾರ್ಡ್ ಪುಸ್ತಕ ಬರೆಯಲು ಬೇಸರಪಡುವ ತಮ್ಮ ತಂಗಿಯರು ಇದನ್ನು ನೆನಪಿಡಲಿ: ತಾರೀಕು, ಅಳತೆ, ಫಲಿತಾಂಶ, ಕೆಳಗೆ ನಿಮ್ಮ ಹೆಸರು. ಇಷ್ಟನ್ನು ತಪ್ಪದೇ ಬರೆಯಿರಿ.