ಐಫೋನ್ ಕಾರ್ಖಾನೆ ಗಲಭೆ: ಕೊಳ್ಳುವವರೂ ದುಡಿಯುವವರೂ ತಿಳಿಯಬೇಕಾದ ನರಸಾಪುರ ಪ್ರಕರಣ

ಚಿಕ್ಕೋಡಿ: ನಿಪ್ಪಾಣಿಯಲ್ಲಾಗಲಿ, ಅಥಣಿಯಲ್ಲಾಗಲಿ ಮೊಬೈಲ್ ಅಂಗಡಿಗೆ ಹೋಗಿ ಐಫೋನ್ ಕೊಳ್ಳುವವರು ವಿಚಾರಿಸುವುದು ಬೆಲೆ, ಕ್ಯಾಮೆರಾ, ಬ್ಯಾಟರಿ ಮತ್ತು ಮಾಸಿಕ ಕಂತು. ಪೆಟ್ಟಿಗೆಯ ಮೇಲೆ ‘ಭಾರತದಲ್ಲಿ ಜೋಡಿಸಲಾಗಿದೆ’ ಎಂಬರ್ಥದ ಪುಟ್ಟ ಸಾಲೊಂದು ಇಂಗ್ಲಿಷಿನಲ್ಲಿ ಇದ್ದರೂ ಅದನ್ನು ಓದುವವರು ವಿರಳ. ಆ ಸಾಲಿನ ಹಿಂದೆ ಕರ್ನಾಟಕದ್ದೇ ಆದ ಒಂದು ಅಧ್ಯಾಯವಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ನಡೆದ ಗಲಭೆಯೇ ಆ ಅಧ್ಯಾಯ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಿಗೆ ಈ ಪ್ರಕರಣ ದೂರದ್ದೆನಿಸಬಹುದು. ಆದರೆ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳ ಈ ಸೀಮೆಯಲ್ಲಿಯೂ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರ ಸಂಖ್ಯೆ ಬೆಳೆಯುತ್ತಿದೆ. ಚಿಕ್ಕೋಡಿ, ನಿಪ್ಪಾಣಿಗಳಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಓದು ಮುಗಿಸಿದವರ ಮುಂದೆ ಕೊಲ್ಹಾಪುರ, ಪುಣೆ, ಬೆಂಗಳೂರುಗಳ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿ ಅನೇಕರಿಗೆ ಮೊದಲು ಎದುರಾಗುವವರು ಕಾರ್ಖಾನೆಯ ಮಾಲೀಕರಲ್ಲ. ಮಾನವ ಸಂಪನ್ಮೂಲ ಪೂರೈಸುವ ಗುತ್ತಿಗೆ ಸಂಸ್ಥೆಯವರು. ನರಸಾಪುರದ ಪಾಠ ಇರುವುದು ಇಲ್ಲಿಯೇ.

ಹಿನ್ನೆಲೆ

ಅಮೆರಿಕದ ಆ್ಯಪಲ್ ಕಂಪನಿಯು ತನ್ನ ಫೋನುಗಳನ್ನು ವಿನ್ಯಾಸಗೊಳಿಸುತ್ತದೆಯೇ ಹೊರತು ತಾನೇ ಜೋಡಿಸುವುದಿಲ್ಲ. ಆ ಕೆಲಸವನ್ನು ಫಾಕ್ಸ್‌ಕಾನ್, ಪೆಗಾಟ್ರಾನ್, ವಿಸ್ಟ್ರಾನ್‌ನಂಥ ತೈವಾನ್ ಮೂಲದ ಕಂಪನಿಗಳಿಗೆ ಒಪ್ಪಿಸುವುದು ಅದರ ಅಂದಿನ ರೂಢಿಯಾಗಿತ್ತು. ಭಾರತದಲ್ಲಿ ಐಫೋನ್ ಜೋಡಣೆ ಆರಂಭವಾದದ್ದೇ ಕರ್ನಾಟಕದಲ್ಲಿ. 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿಯು ಐಫೋನ್ ಎಸ್‌ಇ ಮಾದರಿಯನ್ನು ಜೋಡಿಸತೊಡಗಿತು.

ಇದರ ಮುಂದುವರಿಕೆಯಾಗಿ ಬೆಂಗಳೂರಿನಿಂದ ಪೂರ್ವಕ್ಕೆ ಚೆನ್ನೈ ಹೆದ್ದಾರಿಯ ಬಳಿಯಿರುವ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 43 ಎಕರೆ ಜಾಗದಲ್ಲಿ ದೊಡ್ಡ ಘಟಕ ತಲೆಯೆತ್ತಿತು. ಸುಮಾರು 2,900 ಕೋಟಿ ರೂಪಾಯಿ ಹೂಡಿಕೆ ಹಾಗೂ 10 ಸಾವಿರಕ್ಕೂ ಹೆಚ್ಚು ಉದ್ಯೋಗ ಎಂಬುದು ಅಂದಿನ ಪ್ರಸ್ತಾವವಾಗಿತ್ತು. ಕೇಂದ್ರ ಸರ್ಕಾರವು 2020ರಲ್ಲಿ ಪ್ರಕಟಿಸಿದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಗೆ ಆಯ್ಕೆಯಾದ ಕಂಪನಿಗಳಲ್ಲಿ ವಿಸ್ಟ್ರಾನ್ ಸಹ ಒಂದು. ಹೆಚ್ಚುವರಿ ಮಾರಾಟಕ್ಕೆ ತಕ್ಕಂತೆ ಶೇ 4ರಿಂದ 6ರಷ್ಟು ಪ್ರೋತ್ಸಾಹಧನ ನೀಡುವ ಯೋಜನೆ ಅದು. ಹೆಚ್ಚು ತಯಾರಿಸಿ ಮಾರಿದಷ್ಟೂ ಲಾಭ ಹೆಚ್ಚು ಎಂಬುದು ಇದರ ತಾತ್ಪರ್ಯ.

ಅಂದು ನಡೆದದ್ದೇನು?

2020ರ ಡಿಸೆಂಬರ್ 12, ಶನಿವಾರ. ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಆಕ್ರೋಶ ಬೆಳಗಿನ ಹೊತ್ತಿಗೆ ಹಿಂಸೆಗೆ ತಿರುಗಿತು. ಗಾಜು, ಪೀಠೋಪಕರಣ, ಯಂತ್ರೋಪಕರಣ ಹಾಗೂ ವಾಹನಗಳು ಹಾನಿಗೀಡಾದವು. ಫೋನುಗಳ ಕಳವೂ ವರದಿಯಾಯಿತು.

ಕಂಪನಿಯು ಪೊಲೀಸರಿಗೆ ನೀಡಿದ ದೂರಿನಲ್ಲಿ ರೂ. 437 ಕೋಟಿ ನಷ್ಟವಾಗಿದೆಯೆಂದು ತಿಳಿಸಿತ್ತು. ಕೆಲವೇ ದಿನಗಳಲ್ಲಿ ತೈವಾನ್ ಷೇರುಪೇಟೆಗೆ ನೀಡಿದ ಹೇಳಿಕೆಯಲ್ಲಿ ಈ ಅಂದಾಜು ಸುಮಾರು ರೂ. 26 ಕೋಟಿಯಿಂದ 52 ಕೋಟಿಗೆ ಇಳಿಯಿತೆಂಬುದು ಗಮನಾರ್ಹ. 5 ಸಾವಿರ ಗುತ್ತಿಗೆ ಕಾರ್ಮಿಕರು ಹಾಗೂ 2 ಸಾವಿರ ಅಪರಿಚಿತರ ವಿರುದ್ಧ ದೂರು ದಾಖಲಾಯಿತು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಮೊದಲ ನೌಕರಿಗೆಂದು ಊರು ಬಿಟ್ಟು ಬಂದ ಯುವಕನಿಗೆ ಪೊಲೀಸ್ ದಾಖಲೆಯಲ್ಲಿ ಹೆಸರು ಸೇರುವುದೆಂದರೆ ಮುಂದಿನ ನೌಕರಿಯ ಬಾಗಿಲೂ ಮುಚ್ಚಿದಂತೆ.

ಕಾರ್ಮಿಕರ ದೂರಿನ ಸಾರ ಇಷ್ಟು: ನೇಮಕದ ವೇಳೆ ಹೇಳಿದ ಸಂಬಳ ಕೈಗೆ ಬರಲಿಲ್ಲ, ಬಂದದ್ದೂ ತಡವಾಗಿ ಬಂತು, ಹೆಚ್ಚುವರಿ ದುಡಿಮೆಗೆ ಲೆಕ್ಕವಿಲ್ಲ. ಎಂಜಿನಿಯರಿಂಗ್ ಪದವೀಧರರಿಗೆ ತಿಂಗಳಿಗೆ 21 ಸಾವಿರ ರೂಪಾಯಿಯ ಭರವಸೆ ನೀಡಿ, ಮೊದಲು 16 ಸಾವಿರಕ್ಕೆ, ಬಳಿಕ 12 ಸಾವಿರಕ್ಕೆ ಇಳಿಸಲಾಯಿತೆಂಬ ಆರೋಪ ಆಗ ಪತ್ರಿಕೆಗಳಲ್ಲಿ ವರದಿಯಾಗಿತ್ತು.

ತಪಾಸಣೆಯಲ್ಲಿ ಕಂಡದ್ದು

ಗಲಭೆಯ ನಂತರ ರಾಜ್ಯದ ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳು ಘಟಕವನ್ನು ಪರಿಶೀಲಿಸಿದರು. ಅವರ ವರದಿಯ ಪ್ರಕಾರ, 5 ಸಾವಿರ ಕಾರ್ಮಿಕರಿಗೆ ಅನುಮತಿಯಿದ್ದ ಘಟಕದಲ್ಲಿ ಅಲ್ಪಾವಧಿಯಲ್ಲೇ ಸಂಖ್ಯೆ 10,500ಕ್ಕೆ ಏರಿತ್ತು. ಅಷ್ಟು ಜನರ ಹಾಜರಿ, ಸಂಬಳ, ಪಾಳಿಗಳನ್ನು ನಿಭಾಯಿಸಬೇಕಾದ ಮಾನವ ಸಂಪನ್ಮೂಲ ವಿಭಾಗದಲ್ಲಿ ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿ ಸಾಕಷ್ಟಿರಲಿಲ್ಲ.

ಅಕ್ಟೋಬರ್‌ನಲ್ಲಿ 8 ಗಂಟೆಯ ಪಾಳಿಯನ್ನು 12 ಗಂಟೆಗೆ ವಿಸ್ತರಿಸಲಾಗಿತ್ತು. ಅದೇ ವೇಳೆ ಹಾಜರಿ ದಾಖಲಿಸುವ ವಿದ್ಯುನ್ಮಾನ ವ್ಯವಸ್ಥೆ ಕೈಕೊಟ್ಟಿತ್ತು. ಸರಿಪಡಿಸಲು ಎರಡು ತಿಂಗಳಾದರೂ ಸಾಧ್ಯವಾಗಿರಲಿಲ್ಲ. ದುಡಿದ ಗಂಟೆಗೆ ದಾಖಲೆಯಿಲ್ಲದಿದ್ದಾಗ ಸಂಬಳದ ಲೆಕ್ಕ ತಪ್ಪುವುದು ಸಹಜ. ಜಗತ್ತಿನ ಅತ್ಯಂತ ಸೂಕ್ಷ್ಮ ಉಪಕರಣಗಳಲ್ಲೊಂದನ್ನು ಜೋಡಿಸುವ ಕಾರ್ಖಾನೆಯಲ್ಲಿ, ಹಳ್ಳಿಯ ಕೂಲಿಕಾರನೂ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟುಕೊಳ್ಳುವ ಹಾಜರಿಯ ಲೆಕ್ಕವೇ ತಪ್ಪಿತ್ತು.

ಆ್ಯಪಲ್ ಕಂಪನಿಯೂ ತನ್ನದೇ ತನಿಖೆ ನಡೆಸಿ, ಡಿಸೆಂಬರ್ 19ರಂದು ವಿಸ್ಟ್ರಾನ್ ಅನ್ನು ‘ಪರೀಕ್ಷಾವಧಿ’ಯಲ್ಲಿ ಇರಿಸಿತು. ದುಡಿಮೆಯ ಅವಧಿಯನ್ನು ಸರಿಯಾಗಿ ನಿರ್ವಹಿಸದೆ ಪೂರೈಕೆದಾರರ ನೀತಿಸಂಹಿತೆಯನ್ನು ಉಲ್ಲಂಘಿಸಲಾಗಿದೆ, ಅಕ್ಟೋಬರ್ ಹಾಗೂ ನವೆಂಬರ್‌ನಲ್ಲಿ ಕೆಲವರ ಸಂಬಳ ವಿಳಂಬವಾಗಿದೆ ಎಂದು ಅದು ಒಪ್ಪಿಕೊಂಡಿತು. ಲೋಪಗಳು ಸರಿಯಾಗುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೋರಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. 2021ರ ಫೆಬ್ರುವರಿ-ಮಾರ್ಚ್ ವೇಳೆಗೆ ಘಟಕ ಪುನರಾರಂಭವಾಯಿತು.

ಗುತ್ತಿಗೆಯೆಂಬ ಪದರ

ಅಂದು ಘಟಕದಲ್ಲಿದ್ದ ಕಾಯಂ ನೌಕರರು ಸುಮಾರು 1,300 ಮಾತ್ರ. ಸುಮಾರು 8,500 ಮಂದಿ ಆರು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಫೋನಿನ ಮೇಲೆ ಹೆಸರು ಆ್ಯಪಲ್‌ನದು, ಕಾರ್ಖಾನೆ ವಿಸ್ಟ್ರಾನ್‌ನದು, ಸಂಬಳದ ಚೀಟಿ ಮತ್ತೊಂದು ಸಂಸ್ಥೆಯದು. ಸಂಬಳ ಕಡಿಮೆ ಬಂದಾಗ ಯಾರನ್ನು ಕೇಳಬೇಕು? ಗುತ್ತಿಗೆದಾರ ಕಾರ್ಖಾನೆಯತ್ತ ಬೆರಳು ತೋರಿಸಿದರೆ, ಕಾರ್ಖಾನೆ ಗುತ್ತಿಗೆದಾರನತ್ತ ತೋರಿಸುತ್ತದೆ. ಕೇಳುವ ಬಾಗಿಲೇ ಕಾಣದ ಕಡೆ ಅಸಮಾಧಾನ ಒಳಗೇ ಕುದಿಯುತ್ತದೆ. ಗಲಭೆಗೆ ಇದು ಸಮರ್ಥನೆಯಲ್ಲ. ಆದರೆ ಕಾರಣ ಹುಡುಕುವವರು ಮೊದಲು ನೋಡಬೇಕಾದ ಜಾಗ ಇದು.

ಈ ವ್ಯವಸ್ಥೆ ನಿಪ್ಪಾಣಿಗೆ ಹೊಸದೇನಲ್ಲ. ತಂಬಾಕಿನ ವ್ಯಾಪಾರಕ್ಕೆ ಹೆಸರಾದ ಈ ಊರಿನಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಹಾಗೂ ಬೀಡಿಗೆ ಹೆಸರು ಕೊಟ್ಟ ಕಂಪನಿಯ ನಡುವೆ ಗುತ್ತಿಗೆದಾರನಿದ್ದ. ಎಲೆ, ತಂಬಾಕು ಕೊಡುವವನೂ ಅವನೇ, ಕಟ್ಟಿದ ಬೀಡಿಯನ್ನು ಎಣಿಸಿಕೊಳ್ಳುವವನೂ ಅವನೇ. ಬೀಡಿ ಉದ್ಯಮದ ಈ ನುಣುಚಿಕೆಯನ್ನು ತಡೆಯಲೆಂದೇ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಮೂಲ ಮಾಲೀಕನನ್ನೇ ಹೊಣೆಗಾರನನ್ನಾಗಿಸಿತು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಮಹಿಳೆಯರು ಸಂಘಟಿತರಾದ ಬಗೆಯನ್ನು ಯುಗಾಂತರ್ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಬೀಡಿಯಿಂದ ಐಫೋನ್‌ವರೆಗೆ ಸರಕು ಬದಲಾಗಿದೆ; ನಡುವಿನ ಪದರ ಬದಲಾಗಿಲ್ಲ.

ನಂತರದ ಬೆಳವಣಿಗೆಗಳು

* 2021ರ ಡಿಸೆಂಬರ್: ತಮಿಳುನಾಡಿನ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಘಟಕದ ಮಹಿಳಾ ಕಾರ್ಮಿಕರು ವಸತಿನಿಲಯದಲ್ಲಿ ವಿಷಾಹಾರ ಸೇವಿಸಿ ಅಸ್ವಸ್ಥರಾದರು. ನೂರೈವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಸಹೋದ್ಯೋಗಿಗಳು ಹೆದ್ದಾರಿ ತಡೆ ನಡೆಸಿದರು. ಆ ಘಟಕವನ್ನೂ ಆ್ಯಪಲ್ ಪರೀಕ್ಷಾವಧಿಯಲ್ಲಿ ಇರಿಸಿತು.

* 2023ರ ಫೆಬ್ರುವರಿ: ಕರ್ನಾಟಕ ವಿಧಾನಮಂಡಲವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಅಂಗೀಕರಿಸಿತು. ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ಅವಕಾಶವಾಯಿತು. ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿ 75 ಗಂಟೆಯಿಂದ 145 ಗಂಟೆಗೆ ಏರಿತು. ನರಸಾಪುರದಲ್ಲಿ ವಿವಾದಕ್ಕೆ ಕಾರಣವಾಗಿದ್ದ 12 ಗಂಟೆಯ ಪಾಳಿಗೆ ಹೀಗೆ ಷರತ್ತುಬದ್ಧ ಮಾನ್ಯತೆ ದೊರೆಯಿತು.

* 2023ರ ಅಕ್ಟೋಬರ್: ನರಸಾಪುರ ಘಟಕವನ್ನು ಟಾಟಾ ಸಮೂಹ 12.5 ಕೋಟಿ ಡಾಲರ್‌ಗೆ ಖರೀದಿಸುವುದು ಪ್ರಕಟವಾಯಿತು. ಐಫೋನ್ ಜೋಡಿಸುವ ಮೊದಲ ಭಾರತೀಯ ಸಂಸ್ಥೆಯೆಂಬ ಹೆಗ್ಗಳಿಕೆ ಟಾಟಾ ಪಾಲಾಯಿತು.

* 2024ರ ಸೆಪ್ಟೆಂಬರ್–ಅಕ್ಟೋಬರ್: ಶ್ರೀಪೆರಂಬದೂರಿನ ಸ್ಯಾಮ್‌ಸಂಗ್ ಗೃಹೋಪಕರಣ ಘಟಕದಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರು 37 ದಿನ ಮುಷ್ಕರ ಹೂಡಿದರು. ಸಂಬಳದ ಜತೆಗೆ ತಮ್ಮ ಸಂಘಕ್ಕೆ ಮಾನ್ಯತೆ ಅವರ ಮುಖ್ಯ ಬೇಡಿಕೆಯಾಗಿತ್ತು. 2025ರ ಜನವರಿಯಲ್ಲಿ ಸಂಘ ನೋಂದಣಿಯಾಯಿತು.

* 2025: ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಘಟಕದಲ್ಲಿ ಐಫೋನ್ ಉತ್ಪಾದನೆ ಆರಂಭವಾಯಿತು. ನವೆಂಬರ್ 21ರಂದು ದೇಶದಾದ್ಯಂತ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು.

ಕೊಳ್ಳುವವರ ಆಯ್ಕೆ

ಹಾಗಿದ್ದರೆ ಐಫೋನ್ ಬಿಟ್ಟು ಬೇರೆ ಫೋನ್ ಕೊಂಡರೆ ಸಾಕೇ? ಪ್ರಶ್ನೆ ಅಷ್ಟು ಸರಳವಾಗಿಲ್ಲ. ಮಾರುಕಟ್ಟೆಯ ಅನೇಕ ಬ್ರಾಂಡ್‌ಗಳು ಇಂಥದೇ ಗುತ್ತಿಗೆ ತಯಾರಕರಿಂದ ಫೋನ್ ಮಾಡಿಸುತ್ತವೆ. ಸ್ವಂತ ಕಾರ್ಖಾನೆ ಹೊಂದಿದ ಕಂಪನಿಯಲ್ಲೂ ವಿವಾದ ತಪ್ಪಿಲ್ಲವೆಂಬುದಕ್ಕೆ ಸ್ಯಾಮ್‌ಸಂಗ್ ಮುಷ್ಕರವೇ ಸಾಕ್ಷಿ. ಬ್ರಾಂಡ್ ಬದಲಿಸಿದ ಮಾತ್ರಕ್ಕೆ ಕಾರ್ಮಿಕನ ಸ್ಥಿತಿ ಬದಲಾಗದು.

ಆದರೂ ಗ್ರಾಹಕನ ಕೈ ಪೂರ್ತಿ ಖಾಲಿಯಲ್ಲ. ನರಸಾಪುರದಲ್ಲಿ ಆ್ಯಪಲ್ ಒಂದೇ ವಾರದಲ್ಲಿ ಕ್ರಮ ಕೈಗೊಂಡದ್ದು ಪ್ರಕರಣ ವಿಶ್ವದಾದ್ಯಂತ ಸುದ್ದಿಯಾದ ಬಳಿಕ. ಹೆಸರು ಕೆಡುವ ಭಯ ದೊಡ್ಡ ಬ್ರಾಂಡ್‌ಗಳಿಗೆ ಕಾನೂನಿನ ಭಯದಷ್ಟೇ ದೊಡ್ಡದು. ಕಂಪನಿಯು ತನ್ನ ಪೂರೈಕೆದಾರರ ಪಟ್ಟಿಯನ್ನೂ ದುಡಿಮೆಯ ಸ್ಥಿತಿಗತಿಯ ವಾರ್ಷಿಕ ವರದಿಯನ್ನೂ ಪ್ರಕಟಿಸುತ್ತದೆಯೇ ಎಂಬುದು, ಕ್ಯಾಮೆರಾದ ಗುಣಮಟ್ಟದಂತೆಯೇ, ಹೋಲಿಸಿ ನೋಡಬಹುದಾದ ಸಂಗತಿ. ಆ್ಯಪಲ್ ಇವೆರಡನ್ನೂ ಪ್ರಕಟಿಸುತ್ತದೆ. ಪ್ರಕಟಿಸದ ಕಂಪನಿಯಲ್ಲಿ ಎಲ್ಲವೂ ಸರಿಯಿದೆಯೆಂದು ಭಾವಿಸಲು ಕಾರಣವಿಲ್ಲ.

ಅಥಣಿಯ ಚಪ್ಪಲಿ ಕಸುಬುದಾರರ ಅನುಭವವೂ ಇದೇ ದಿಕ್ಕನ್ನು ತೋರಿಸುತ್ತದೆ. ಅಲ್ಲಿ ತಯಾರಾಗುವ ಚಪ್ಪಲಿಗಳು ಕೊಲ್ಹಾಪುರದ ಹೆಸರಿನಲ್ಲೇ ಮಾರಾಟವಾಗುತ್ತಿದ್ದವು. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಪಾದರಕ್ಷೆಯನ್ನು ಮೂಲ ಹೇಳದೆ ಪ್ರದರ್ಶಿಸಿ ಟೀಕೆಗೊಳಗಾಯಿತು; ಬಳಿಕ ಭಾರತೀಯ ಕಸುಬಿನ ಪ್ರೇರಣೆಯನ್ನು ಒಪ್ಪಿಕೊಂಡಿತು. ಮಾಡಿದವರು ಯಾರೆಂದು ಕೇಳುವ ಜನರಿದ್ದಾಗ ಉತ್ತರವೂ ಬರುತ್ತದೆ.

ಕೆಲಸಕ್ಕೆ ಸೇರುವವರು ಗಮನಿಸಬೇಕಾದದ್ದು

ಹೊಸ ಸಂಹಿತೆಗಳ ಪ್ರಕಾರ ಕಾರ್ಮಿಕರಿಗಿರುವ ಮುಖ್ಯ ಹಕ್ಕುಗಳು ಹೀಗಿವೆ:

1. ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಬಾಯಿಮಾತಿನಲ್ಲಿ ಹೇಳಿದ ಸಂಬಳ ಪತ್ರದಲ್ಲಿಯೂ ಇದೆಯೇ ಎಂಬುದನ್ನು ಸೇರುವ ಮುನ್ನವೇ ನೋಡಿಕೊಳ್ಳಬೇಕು.

2. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಪಾವತಿಯಾಗಬೇಕು. ಸಂಬಳದ ಚೀಟಿ ನೀಡಬೇಕು. ಕಡಿತಗಳ ಒಟ್ಟು ಮೊತ್ತ ಸಂಬಳದ ಅರ್ಧವನ್ನು ಮೀರುವಂತಿಲ್ಲ.

3. ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಬೇಕು. ದುಪ್ಪಟ್ಟು ದರದಲ್ಲಿ ಸಂಬಳ ಕೊಡಬೇಕು. ರಾತ್ರಿ ಪಾಳಿಗೆ ಮಹಿಳೆಯರ ಒಪ್ಪಿಗೆಯೂ ಸುರಕ್ಷತೆಯ ವ್ಯವಸ್ಥೆಯೂ ಅಗತ್ಯ.

4. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅದನ್ನು ಪಾವತಿಸುವ ಹೊಣೆ ಮೂಲ ಮಾಲೀಕನದು, ಅಂದರೆ ಕಾರ್ಖಾನೆಯದು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿದ್ದ ಈ ರಕ್ಷಣೆ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ. ‘ನಮಗೂ ನಿಮಗೂ ಸಂಬಂಧವಿಲ್ಲ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲದು.

5. ಸಂಬಳದ ಬಾಕಿಗೆ ಮೂರು ವರ್ಷದೊಳಗೆ ಹಕ್ಕುದಾವೆ ಸಲ್ಲಿಸಬಹುದು.

ಇವುಗಳೊಂದಿಗೆ, ಹಾಜರಿಯನ್ನು ಯಂತ್ರ ದಾಖಲಿಸಿದರೂ ಬಂದ ಹೊತ್ತು, ಹೋದ ಹೊತ್ತನ್ನು ಪ್ರತಿದಿನ ತಾವೂ ಬರೆದಿಟ್ಟುಕೊಳ್ಳುವುದು ಒಳಿತು. ಭವಿಷ್ಯನಿಧಿ ಖಾತೆಗೆ ಹಣ ಜಮೆಯಾಗುತ್ತಿದೆಯೇ ಎಂಬುದನ್ನು ಉಮಂಗ್ ಆ್ಯಪ್‌ನಲ್ಲಿ ನೋಡಬಹುದು. ಇದಕ್ಕೆ ಐಫೋನೇ ಬೇಕೆಂದಿಲ್ಲ. ಕೈಯಲ್ಲಿರುವ ಸಾಧಾರಣ ಸ್ಮಾರ್ಟ್‌ಫೋನ್ ಸಾಕು.

ಐಫೋನ್ ತಯಾರಿಕೆಯಿಂದ ರಾಜ್ಯಕ್ಕೆ ಉದ್ಯೋಗ ಬಂದಿರುವುದು ನಿಜ. ಅದು ಇನ್ನಷ್ಟು ಬರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನರಸಾಪುರದ ಕಾರ್ಮಿಕರು ಕೇಳಿದ್ದು ದುಡಿದ ಗಂಟೆಗೆ ಲೆಕ್ಕ, ಲೆಕ್ಕಕ್ಕೆ ತಕ್ಕ ಸಂಬಳ. ಹಿಂದೊಮ್ಮೆ ನಿಪ್ಪಾಣಿಯ ಬೀಡಿ ಕಟ್ಟುವವರು ಕೇಳಿದ್ದೂ ಅದನ್ನೇ. ಅದನ್ನು ಕೇಳಲು ಗಾಜು ಒಡೆಯಬೇಕಾದ ಪರಿಸ್ಥಿತಿ ಮತ್ತೆ ಬಾರದಂತೆ ನೋಡಿಕೊಳ್ಳುವ ಹೊಣೆ ಕಾರ್ಖಾನೆಯದು, ಗುತ್ತಿಗೆದಾರನದು, ಕಾರ್ಮಿಕ ಇಲಾಖೆಯದು ಹಾಗೂ ತಕ್ಕಮಟ್ಟಿಗೆ ಆ ಫೋನನ್ನು ಕೊಳ್ಳುವ ನಮ್ಮೆಲ್ಲರದು.