ಮುಂಬಯಿ ಕನ್ನಡ ಲೇಖಕರ ಪರಸ್ಪರ ಪೋಷಣೆ: ಸಾಂತಾಕ್ರೂಜ್ ಕೇಂದ್ರಿತ ಒಂದು ಅವಲೋಕನ

1

ಕವಿಗೆ ಆಶ್ರಯವಿತ್ತ ಅರಸು, ಮಠ, ಬಸದಿಗಳನ್ನು ಕುರಿತು ನಮ್ಮ ಸಾಹಿತ್ಯ ಚರಿತ್ರಕಾರರು ವಿಪುಲವಾಗಿ ಬರೆದಿದ್ದಾರೆ. ಆದರೆ ಬರೆಯಬೇಕೆಂಬ ಹಂಬಲವುಳ್ಳ ಒಬ್ಬನನ್ನು ಅದೇ ಹಂಬಲವುಳ್ಳ ಮತ್ತೊಬ್ಬನು ಹೇಗೆ ಎತ್ತಿ ನಿಲ್ಲಿಸಿದನೆಂಬ ವಿಷಯಕ್ಕೆ ಅವರು ಕೊಟ್ಟಿರುವ ಪುಟಗಳು ತೀರ ಕಡಿಮೆ. ಕಾರಣವೂ ಸ್ಪಷ್ಟವಾಗಿದೆ. ದತ್ತಿ ಬಿಟ್ಟದ್ದಕ್ಕೆ ಕಲ್ಲು ಸಾಕ್ಷಿಯಾಗಿ ನಿಲ್ಲುತ್ತದೆ. ಗೆಳೆಯನ ಪದ್ಯವನ್ನು ಕೇಳಿ ಇನ್ನೊಮ್ಮೆ ತಿದ್ದಬೇಕೆಂದು ಹೇಳಿದ್ದಕ್ಕೆ ಯಾವ ಶಾಸನವೂ ಇಲ್ಲ. ಹೀಗಾಗಿ ಪೋಷಣೆ ಎಂದರೆ ಮೇಲಿನಿಂದ ಇಳಿದು ಬರುವ ಉಪಕಾರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಈ ಭಾವನೆಯನ್ನು ಪರೀಕ್ಷಿಸಲು ಮುಂಬಯಿಯ ಕನ್ನಡ ಸಾಹಿತ್ಯಕ್ಕಿಂತ ಉತ್ತಮವಾದ ಕ್ಷೇತ್ರ ದೊರೆಯಲಾರದು. ಅಲ್ಲಿ ಕನ್ನಡ ಆಡಳಿತ ಭಾಷೆಯಲ್ಲ, ಬೀದಿಯ ಭಾಷೆಯೂ ಅಲ್ಲ. ಕನ್ನಡ ಬರೆಹಗಾರನಿಗೆ ಆಸ್ಥಾನವೆಂಬುದು ಇರಲೇ ಇಲ್ಲ. ಆದರೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡದ ಕೆಲವು ಅತ್ಯುತ್ತಮ ಕಥೆ, ಕಾದಂಬರಿ, ಕವಿತೆಗಳು ಆ ನಗರದಿಂದ ಬಂದವು. ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಯನ್ನು, ಸಾಂತಾಕ್ರೂಜ್ ಎಂಬ ಉಪನಗರವನ್ನು ನೆಲೆಯಾಗಿಟ್ಟುಕೊಂಡು, ನಾವು ಈ ಲೇಖನದಲ್ಲಿ ವಿಚಾರಿಸಬಯಸುತ್ತೇವೆ.

2

ಮೊದಲಿಗೆ ಹಳೆಯ ಕಾಲದತ್ತ ದೃಷ್ಟಿ ಹರಿಸುವುದು ಉಚಿತ. ಮುದುವೊಳಲಿನ ಬಳೆಗಾರ ಮನೆತನದ ರನ್ನನು ವಿದ್ಯೆಯನ್ನರಸಿ ಊರು ಬಿಟ್ಟವನು. ಅಜಿತಸೇನಾಚಾರ್ಯರ ಪಾಠ, ಚಾವುಂಡರಾಯನ ಒತ್ತಾಸೆ, ಅತ್ತಿಮಬ್ಬೆಯ ಔದಾರ್ಯ ಇವೆಲ್ಲವೂ ಕೂಡಿದಾಗ ‘ಅಜಿತಪುರಾಣ’ (ಕ್ರಿ.ಶ. 993) ಹುಟ್ಟಿತು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಕಾರ್ಯವನ್ನು ದಾನವೆಂದು ನೆನೆಯುವುದು ವಾಡಿಕೆ. ಅದನ್ನು ಓದುಗರನ್ನು ಸೃಷ್ಟಿಸಿದ ಕಾರ್ಯವೆಂದು ನೋಡಿದರೆ ಅದರ ಮಹತ್ತ್ವ ಇನ್ನೂ ಹೆಚ್ಚುತ್ತದೆ.

ಎರಡನೆಯ ನಿದರ್ಶನ ಸಂಚಿಯ ಹೊನ್ನಮ್ಮನದು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದ ಈಕೆಯ ಪ್ರತಿಭೆಯನ್ನು ಗುರುತಿಸಿ ತಿದ್ದಿದವನು ಸ್ವತಃ ಕವಿಯಾಗಿದ್ದ ಅಳಸಿಂಗರಾರ್ಯ. ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಆತನನ್ನು ಗುರುವೆಂದು ನೆನೆದಿದ್ದಾಳೆ. ಇಲ್ಲಿ ಅರಮನೆ ಕೊಟ್ಟದ್ದು ಅವಕಾಶವನ್ನು. ಕವಿ ಕೊಟ್ಟದ್ದು ಆತ್ಮವಿಶ್ವಾಸವನ್ನು. ಇವೆರಡರ ವ್ಯತ್ಯಾಸವನ್ನು ನಾವು ಮುಂದೆಯೂ ನೆನಪಿನಲ್ಲಿಡಬೇಕಾಗುತ್ತದೆ.

ಮೂರನೆಯದು ಹರಿಹರ–ರಾಘವಾಂಕರ ಪ್ರಸಂಗ. ನರರನ್ನು ಕುರಿತು ಕಾವ್ಯ ಬರೆದನೆಂದು ಸೋದರಳಿಯನ ಮೇಲೆ ಹರಿಹರನು ಮುನಿದು ಹಲ್ಲುದುರುವಂತೆ ಹೊಡೆದನೆಂಬುದು ಐತಿಹ್ಯ. ಅದರ ಸತ್ಯಾಸತ್ಯತೆ ಏನೇ ಇರಲಿ, ಒಂದು ಮಾತನ್ನು ಅದು ಸೂಚಿಸುತ್ತದೆ. ಬರೆಯುವವರ ನಡುವಣ ಸ್ನೇಹದಲ್ಲಿ ಹೊಗಳಿಕೆಯಷ್ಟೇ ಇರುವುದಿಲ್ಲ, ಕಠಿಣವಾದ ಭಿನ್ನಮತವೂ ಇರುತ್ತದೆ. ‘ಹರಿಶ್ಚಂದ್ರ ಕಾವ್ಯ’ದಂಥ ಕೃತಿ ಆ ಭಿನ್ನಮತವನ್ನು ತಾಳಿಕೊಂಡು ಉಳಿಯಿತು.

ಹೊಸಗನ್ನಡದ ಕಾಲಕ್ಕೆ ಬಂದರೆ ಆಸ್ಥಾನದ ಸ್ಥಾನವನ್ನು ಗೆಳೆಯರ ಕೂಟಗಳು ತುಂಬಿದವು. 1922ರ ಸುಮಾರಿಗೆ ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪು ಇದಕ್ಕೆ ಮಾದರಿ. ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ ಮೊದಲಾದವರು ಅಲ್ಲಿ ಒಬ್ಬರ ಬರೆಹಕ್ಕೆ ಮತ್ತೊಬ್ಬರು ಮೊದಲ ಕೇಳುಗರಾದರು. ಬಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ, ಕಾಪಸೆ ರೇವಪ್ಪ ಈ ಗೆಳೆಯರು ಹಳ್ಳಿಯಲ್ಲಿದ್ದುಕೊಂಡೇ ‘ಗರತಿಯ ಹಾಡು’ (1931) ಸಂಕಲನವನ್ನು ಹೊರತಂದರು. ಇದೇ ವಾತಾವರಣದಲ್ಲಿ ಬೆಳೆದ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಮುಂಬಯಿಗೆ ಹೋದ ಉತ್ತರ ಕರ್ನಾಟಕದ ತರುಣರು ಈ ಗೆಳೆತನದ ಪರಂಪರೆಯನ್ನು ತಮ್ಮ ಗಂಟಿನೊಡನೆ ಕಟ್ಟಿಕೊಂಡೇ ಹೋದರೆಂದು ನಾವು ಭಾವಿಸುತ್ತೇವೆ.

3

ಮುಂಬಯಿಗೆ ಕನ್ನಡಿಗರು ಎರಡು ದಾರಿಗಳಿಂದ ಬಂದರು. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. 1857ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯವೇ ಆ ಭಾಗದ ವಿದ್ಯಾರ್ಥಿಗಳಿಗೆ ಪದವಿ ಕೊಡುತ್ತಿತ್ತು. ಕರ್ನಾಟಕ ವಿಶ್ವವಿದ್ಯಾಲಯವು ಸಹ 1949ರಲ್ಲಿ ಮೊದಲು ಮುಂಬಯಿಯಲ್ಲೇ ಕಣ್ಣುಬಿಟ್ಟು ಮರುವರ್ಷ ಧಾರವಾಡಕ್ಕೆ ಹೋಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ಈ ದಾರಿಯಲ್ಲಿ ಬಂದವರು ಹೆಚ್ಚಾಗಿ ಕಚೇರಿ, ಕಾಲೇಜು, ಕಾರ್ಖಾನೆಗಳ ಉದ್ಯೋಗ ಹಿಡಿದರು. ಮತ್ತೊಂದು ದಾರಿ ಮದರಾಸು ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡದ್ದು. ಅಲ್ಲಿಂದ ಬಂದ ಎಳೆಯ ಹುಡುಗರು ಹೊಟೇಲುಗಳಲ್ಲಿ, ಗಿರಣಿಗಳಲ್ಲಿ, ಬಂದರಿನಲ್ಲಿ ದುಡಿದರು; ರಾತ್ರಿ ಶಾಲೆಗಳಲ್ಲಿ ಓದಿದರು.

ಈ ಎರಡನೆಯ ವರ್ಗದ ಅಕ್ಷರದ ಹಸಿವನ್ನು ತಣಿಸಿದವು ಜಾತಿ ಸಂಘಟನೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಬಿಲ್ಲವರ ಅಸೋಸಿಯೇಶನ್ (1932) ಮೊದಲಾದವು ರಾತ್ರಿ ಶಾಲೆಗಳನ್ನು ನಡೆಸಿದವು, ಮಾಸಪತ್ರಿಕೆಗಳನ್ನು ಹೊರಡಿಸಿದವು. ‘ಮೊಗವೀರ’ ಮತ್ತು ‘ಅಕ್ಷಯ’ ಹೆಸರಿನಿಂದ ಸಮುದಾಯದ ಪತ್ರಿಕೆಗಳು. ಆದರೆ ಕಥೆ, ಕವಿತೆ, ವಿಮರ್ಶೆಗಳಿಗೆ ಅವು ಸ್ಥಳ ಕೊಟ್ಟವು. ‘ಅಕ್ಷಯ’ದ ನೆಲೆ ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನ. ಹಗಲೆಲ್ಲ ದುಡಿದು ರಾತ್ರಿ ಓದಿದ ಒಬ್ಬ ತರುಣನು ತನ್ನ ಹೆಸರನ್ನು ಅಚ್ಚಿನಲ್ಲಿ ಮೊದಲ ಬಾರಿಗೆ ಕಾಣುವುದೆಂದರೆ ಏನೆಂಬುದನ್ನು ಸಾಹಿತ್ಯ ಚರಿತ್ರೆ ಅಳೆಯಲಾರದು. ಆದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ಚರಿತ್ರೆ ಅಪೂರ್ಣ.

ಮಾಟುಂಗಾದ ಮೈಸೂರು ಅಸೋಸಿಯೇಶನ್ (1926) ಮತ್ತು ಕರ್ನಾಟಕ ಸಂಘ (1933) ಊರು, ಜಾತಿಗಳ ಗೆರೆಯನ್ನು ದಾಟಿದ ವೇದಿಕೆಗಳು. 1951ರಲ್ಲಿ ಮಂಜೇಶ್ವರ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಮುಂಬಯಿಯಲ್ಲಿ ನಡೆಯಿತೆಂಬ ಸಂಗತಿಯೇ ಆ ವೇಳೆಗೆ ಅಲ್ಲಿನ ಕನ್ನಡ ಸಮಾಜ ಎಷ್ಟು ಸಂಘಟಿತವಾಗಿತ್ತೆಂಬುದಕ್ಕೆ ಪ್ರಮಾಣ.

4

ಇನ್ನು ಲೇಖಕರತ್ತ ಬರೋಣ. ಯಶವಂತ ಚಿತ್ತಾಲ (1928–2014) ಪಾಲಿಮರ್ ತಂತ್ರಜ್ಞರು. ವ್ಯಾಸರಾಯ ಬಲ್ಲಾಳ (1923–2008) ಕಂಪನಿಯ ನೌಕರಿಯಲ್ಲಿದ್ದವರು. ಬಿ.ಎ. ಸನದಿ (1933–2019) ನಗರದ ಬಸ್ ಸಾರಿಗೆ ಸಂಸ್ಥೆಯಲ್ಲಿ ದುಡಿದವರು. ಜಯಂತ ಕಾಯ್ಕಿಣಿ ಔಷಧ ಕಂಪನಿಗಳ ರಸಾಯನ ವಿಜ್ಞಾನಿ. ‘ಹೊಸಗನ್ನಡದ ಅರುಣೋದಯ’ (1974) ಎಂಬ ಮಹತ್ತ್ವದ ಸಂಶೋಧನ ಗ್ರಂಥದ ಕರ್ತೃ ಶ್ರೀನಿವಾಸ ಹಾವನೂರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗ್ರಂಥಪಾಲರು. ಇವರಲ್ಲಿ ಯಾರೂ ಕನ್ನಡ ಬರೆಹದಿಂದ ಹೊಟ್ಟೆ ಹೊರೆದವರಲ್ಲ. ಬರೆಯದಿದ್ದರೆ ಯಾರೂ ಕೇಳುವವರಿರಲಿಲ್ಲ. ಆದುದರಿಂದ ಬರೆಯುವಂತೆ ಕೇಳುವ ಒಬ್ಬ ಗೆಳೆಯನ ಅಗತ್ಯ ಇವರಿಗೆ ಬೆಂಗಳೂರು, ಮೈಸೂರುಗಳ ಅಧ್ಯಾಪಕ ಲೇಖಕರಿಗಿಂತ ಹೆಚ್ಚಾಗಿತ್ತು.

ಚಿತ್ತಾಲರ ವಿಷಯದಲ್ಲಿ ಈ ಗೆಳೆತನ ಮನೆಯಿಂದಲೇ ಆರಂಭವಾಯಿತು. ಅಣ್ಣ ಗಂಗಾಧರ ಚಿತ್ತಾಲ (1923–1987) ಕವಿ. ಹನೇಹಳ್ಳಿಯ ಈ ಸಹೋದರರ ನಂತರದ ತಲೆಮಾರಿನಲ್ಲಿ, ಗೋಕರ್ಣದಿಂದ ಬಂದ ಕಾಯ್ಕಿಣಿ ಚಿತ್ತಾಲರ ಕಿರಿಯ ಒಡನಾಡಿಯಾದರು. ಇವರಿಬ್ಬರ ಕಥಾಲೋಕಗಳನ್ನು ಹೋಲಿಸಿ ನೋಡುವುದು ಉಪಯುಕ್ತ. ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪ ಕಂಪನಿಯ ಒಳಸಂಚಿಗೆ ಸಿಕ್ಕು, ಯಾರನ್ನು ನಂಬಬೇಕೆಂದು ತಿಳಿಯದೆ ತತ್ತರಿಸುವವನು. ಕಾಯ್ಕಿಣಿಯವರ ‘ದಗಡೂ ಪರಬನ ಅಶ್ವಮೇಧ’ (1989), ‘ಅಮೃತಬಳ್ಳಿ ಕಷಾಯ’ (1996) ಸಂಕಲನಗಳ ಜನರು ಅದೇ ನಗರದಲ್ಲಿ ಅಪರಿಚಿತರೊಡನೆ ನಂಟು ಬೆಸೆಯುವವರು. ಹಿರಿಯನಿಂದ ಪ್ರೋತ್ಸಾಹ ಪಡೆದ ಕಿರಿಯನು ಹಿರಿಯನ ದಾರಿಯಲ್ಲೇ ನಡೆಯಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ. ನಿಜವಾದ ಪ್ರೋತ್ಸಾಹದ ಲಕ್ಷಣವೇ ಇದು: ಅದು ಅನುಯಾಯಿಯನ್ನು ಬೆಳೆಸದೆ ಲೇಖಕನನ್ನು ಬೆಳೆಸುತ್ತದೆ.

ಮಹಾನಗರದ ಸಾಹಿತ್ಯವನ್ನು ಏಕಾಕಿತನದ ಸಾಹಿತ್ಯವೆಂದು ವರ್ಣಿಸುವುದು ವಿಮರ್ಶೆಯಲ್ಲಿ ರೂಢಿ. ವಸ್ತುವಿನ ಮಟ್ಟಿಗೆ ಈ ವರ್ಣನೆ ಸಲ್ಲಬಹುದು. ಆದರೆ ಕೃತಿಯೊಳಗಿನ ಒಂಟಿತನದಿಂದ ಕೃತಿಕಾರನೂ ಒಂಟಿಯಾಗಿದ್ದನೆಂದು ತೀರ್ಮಾನಿಸುವುದು ತರ್ಕದೋಷ. ಸಂಶಯವನ್ನೇ ವಸ್ತುವಾಗುಳ್ಳ ಕಾದಂಬರಿಯನ್ನು ಬರೆದವರು ಸ್ನೇಹದ ಬಳಗವೊಂದರ ಕೇಂದ್ರದಲ್ಲಿದ್ದರು. ಕಾರ್ಮಿಕ ಹೋರಾಟವನ್ನು ಚಿತ್ರಿಸಿದ ಬಲ್ಲಾಳರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ, ಅದಕ್ಕೆ ಮುಂಚೆ 1983ರಲ್ಲಿ ಚಿತ್ತಾಲರ ‘ಕಥೆಯಾದಳು ಹುಡುಗಿ’ಗೆ ಬಂದಾಗಲೂ, ಆ ಗೌರವ ಇಡೀ ಮುಂಬಯಿ ಕನ್ನಡಕ್ಕೆ ಸಂದಿತೆಂದು ಅಲ್ಲಿನವರು ತಿಳಿದದ್ದು ಸಹಜವೇ ಆಗಿದೆ.

ಇದು ಕನ್ನಡಿಗರಿಗೆ ಮಾತ್ರ ಸಂಬಂಧಿಸಿದ ವಿದ್ಯಮಾನವಲ್ಲ. ಅದೇ ನಗರದಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಆದಿಲ್ ಜಸ್ಸಾವಾಲಾ, ಅರುಣ ಕೊಲಟ್ಕರ್, ಗೀವ್ ಪಟೇಲ್ ಮತ್ತು ಅವರ ಮಿತ್ರ ಅರವಿಂದ ಕೃಷ್ಣ ಮೆಹರೋತ್ರಾ ಸೇರಿ ‘ಕ್ಲಿಯರಿಂಗ್ ಹೌಸ್’ ಎಂಬ ಸಹಕಾರಿ ಪ್ರಕಾಶನವನ್ನು ನಡೆಸಿದರು. ಕೊಲಟ್ಕರರ ‘ಜೆಜುರಿ’ 1976ರಲ್ಲಿ ಅಲ್ಲಿಂದಲೇ ಪುಸ್ತಕವಾಗಿ ಬಂತು. ದೊಡ್ಡ ಪ್ರಕಾಶಕರು ಮುಖ ತಿರುಗಿಸಿದಲ್ಲಿ ಕವಿಗಳೇ ಕವಿಗಳಿಗೆ ಪ್ರಕಾಶಕರಾಗುವುದು ಮುಂಬಯಿಯ ಜಾಯಮಾನವೆಂದೇ ಹೇಳಬಹುದು.

5

ಸಾಂತಾಕ್ರೂಜಿನ ವೈಶಿಷ್ಟ್ಯವನ್ನು ಈಗ ಪರಿಶೀಲಿಸಬಹುದು. ಮುಂಬಯಿಯ ಸಾಮಾಜಿಕ ಭೂಗೋಳವನ್ನು ನಿರ್ಧರಿಸುವುದು ಲೋಕಲ್ ರೈಲು. ಪಶ್ಚಿಮ ಮಾರ್ಗದ ಬಾಂದ್ರಾ, ಖಾರ್, ಸಾಂತಾಕ್ರೂಜ್, ಅಂಧೇರಿಗಳಲ್ಲಿರುವವರಿಗೂ ಮಧ್ಯ ಮಾರ್ಗದ ಕುರ್ಲಾ, ಘಾಟ್‌ಕೋಪರ್, ಡೊಂಬಿವಲಿಗಳಲ್ಲಿರುವವರಿಗೂ ನಡುವೆ ಗಂಟೆಗಟ್ಟಲೆಯ ಅಂತರವಿದೆ. ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿ ಆವರಣವಿರುವ ಕಲೀನಾ, ಪಶ್ಚಿಮ ಮಾರ್ಗದ ಸಾಂತಾಕ್ರೂಜ್ ಮತ್ತು ಮಧ್ಯ ಮಾರ್ಗದ ಕುರ್ಲಾ ಇವೆರಡರ ನಡುವೆ ಇದೆ. ಕನ್ನಡ ವಿಭಾಗವು ಅಲ್ಲಿರುವುದರಿಂದ ಎರಡು ಮಾರ್ಗಗಳ ಬರೆಹಗಾರರೂ ಒಂದೆಡೆ ಸೇರುವುದು ಸಾಧ್ಯವಾಯಿತು. ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಈ ಅಂಶವನ್ನು ನಾವು ಮುಖ್ಯವೆಂದು ಎಣಿಸುತ್ತೇವೆ. ಆಸ್ಥಾನವಿಲ್ಲದ ಊರಿನಲ್ಲಿ ಕೂಡುವ ಜಾಗವೇ ಅರ್ಧ ಪೋಷಣೆ.

ವಿಭಾಗದ ವಿದ್ಯಾರ್ಥಿಗಳಲ್ಲಿ ಉದ್ಯೋಗಸ್ಥರೂ ಗೃಹಿಣಿಯರೂ ಗಣನೀಯವಾಗಿ ಇರುವುದು ಅದರ ಮತ್ತೊಂದು ವಿಶೇಷ. ತಾಳ್ತಜೆ ವಸಂತಕುಮಾರ, ಅನಂತರ ಜಿ.ಎನ್. ಉಪಾಧ್ಯ ಇವರ ಕಾಲದಲ್ಲಿ ಮುಂಬಯಿಯ ಲೇಖಕರನ್ನೂ ಪತ್ರಿಕೆಗಳನ್ನೂ ಸಂಘಸಂಸ್ಥೆಗಳನ್ನೂ ಕುರಿತ ಅಧ್ಯಯನಗಳು ಅಲ್ಲಿ ನಡೆದವು. ತಮ್ಮ ಸುತ್ತಣ ಬರೆಹವೇ ಸಂಶೋಧನೆಗೆ ವಸ್ತುವಾಗಬಹುದೆಂಬ ಅರಿವು ಬರೆಯುವವರಿಗೆ ಒಂದು ಬಗೆಯ ಧೈರ್ಯವನ್ನು ಕೊಡುತ್ತದೆ. ಹೊನ್ನಮ್ಮನ ಪ್ರಸಂಗದಲ್ಲಿ ನಾವು ಕಂಡ ಅವಕಾಶ ಮತ್ತು ಆತ್ಮವಿಶ್ವಾಸಗಳು ಇಲ್ಲಿ ಮತ್ತೆ ಕೂಡಿಬಂದಿವೆ.

ಲೇಖಕಿಯರ ಸಂಗತಿ ಪ್ರತ್ಯೇಕ ವಿವೇಚನೆಗೆ ಅರ್ಹ. ಮದುವೆಯಾಗಿ ಮುಂಬಯಿಗೆ ಬಂದ ಹೆಣ್ಣುಮಕ್ಕಳಿಗೆ ಕಚೇರಿಯ ಗೆಳೆತನವಾಗಲಿ ಸಂಘದ ಅಧಿಕಾರವಾಗಲಿ ಸುಲಭವಾಗಿ ಒದಗಲಿಲ್ಲ. ಸುನೀತಾ ಶೆಟ್ಟಿ ಅವರ ಹಿರಿತನದಲ್ಲಿ ರೂಪುಗೊಂಡ ‘ಸೃಜನಾ’ ಲೇಖಕಿಯರ ಬಳಗವು ಈ ಕೊರತೆಯನ್ನು ತುಂಬಿತು. ಮಿತ್ರಾ ವೆಂಕಟ್ರಾಜ್, ಶ್ಯಾಮಲಾ ಮಾಧವ, ಗಿರಿಜಾ ಶಾಸ್ತ್ರಿ ಮೊದಲಾದವರ ಕಥೆ, ಅನುವಾದ, ವಿಮರ್ಶೆಗಳನ್ನು ಮುಂಬಯಿ ಕನ್ನಡದ ಚರಿತ್ರೆಯಲ್ಲಿ ಅನುಬಂಧವಾಗಿ ಸೇರಿಸದೆ ಮುಖ್ಯ ಅಧ್ಯಾಯವಾಗಿ ಓದಬೇಕೆಂಬುದು ನಮ್ಮ ಅಭಿಪ್ರಾಯ.

6

ಈ ಚಿತ್ರದಲ್ಲಿ ಕೊರತೆಗಳೂ ಉಂಟು. ಜಾತಿ ಸಂಘಟನೆಯ ಪತ್ರಿಕೆ ತನ್ನವನನ್ನು ಬೆಳೆಸುವಾಗ ಅವನನ್ನು ತನ್ನ ಬೇಲಿಯೊಳಗೇ ಉಳಿಸಿಕೊಳ್ಳುವ ಅಪಾಯವಿದೆ. ಪರಸ್ಪರ ಪ್ರೋತ್ಸಾಹವು ಪರಸ್ಪರ ಸನ್ಮಾನವಾಗಿ ಇಳಿಯುವುದು ಮತ್ತೊಂದು ಅಪಾಯ. ಹೊರನಾಡಿನಲ್ಲಿ ಕನ್ನಡದಲ್ಲಿ ಬರೆದದ್ದೇ ದೊಡ್ಡದೆಂಬ ರಿಯಾಯಿತಿಯನ್ನು ಲೇಖಕನಿಗೆ ಕೊಟ್ಟರೆ ಅದು ಅವನಿಗೆ ಮಾಡಿದ ಉಪಕಾರವಾಗದು. ಚಿತ್ತಾಲರು ಆ ರಿಯಾಯಿತಿಯಿಂದ ಬೆಳೆದವರಲ್ಲ. ಹರಿಹರನ ಮುನಿಸಿನ ಒಂದಂಶವಾದರೂ ಗೆಳೆಯರ ಕೂಟದಲ್ಲಿ ಇರಬೇಕು, ಹಲ್ಲು ಉದುರಬೇಕಾಗಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದದ್ದು ಓದುಗರ ಪ್ರಶ್ನೆ. ಮುಂಬಯಿ ಮಹಾನಗರಪಾಲಿಕೆ ತನ್ನ ಶಾಲೆಗಳಲ್ಲಿ ಮರಾಠಿಯೊಡನೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಮಾಧ್ಯಮಕ್ಕೆ ಅವಕಾಶ ಕೊಟ್ಟಿತು. ಸಂಘಗಳು ರಾತ್ರಿ ಶಾಲೆ ನಡೆಸಿದವು. ಈ ಎರಡು ಮೂಲಗಳೂ ವರ್ಷದಿಂದ ವರ್ಷಕ್ಕೆ ಬತ್ತುತ್ತಿವೆ. ಅಲ್ಲಿಯೇ ಹುಟ್ಟಿದ ಮಕ್ಕಳು ಮನೆಯಲ್ಲಿ ಕನ್ನಡ ಅಥವಾ ತುಳು ಆಡಬಲ್ಲರು; ಕನ್ನಡ ಅಕ್ಷರಗಳನ್ನು ಓದಬಲ್ಲವರು ಅವರಲ್ಲಿ ಕಡಿಮೆಯಾಗುತ್ತಿದ್ದಾರೆ. ಲೇಖಕರು ಒಬ್ಬರನ್ನೊಬ್ಬರು ಎಷ್ಟೇ ಹುರಿದುಂಬಿಸಿದರೂ, ಕೂಟದ ಹೊರಗೆ ಓದುವವರಿಲ್ಲದಿದ್ದರೆ ಬರೆಯುವವರೇ ಓದುವವರೂ ಆಗಿ ವರ್ತುಲ ಕಿರಿದಾಗುತ್ತದೆ. ಅತ್ತಿಮಬ್ಬೆಯು ಕವಿಗೆ ಕೊಟ್ಟದ್ದಲ್ಲದೆ ಕಾವ್ಯದ ಸಾವಿರ ಪ್ರತಿಗಳನ್ನು ಹಂಚಿದ್ದರ ಅರ್ಥ ಇಲ್ಲಿ ಹೊಳೆಯುತ್ತದೆ.

ಸಂಶೋಧಕರ ಮುಂದಿರುವ ಕೆಲಸವಂತೂ ಸ್ಪಷ್ಟ. ಸಮುದಾಯ ಪತ್ರಿಕೆಗಳ ಹಳೆಯ ಸಂಚಿಕೆಗಳು, ಮುನ್ನುಡಿಗಳು, ಲೇಖಕರು ಪರಸ್ಪರ ಬರೆದುಕೊಂಡ ಪತ್ರಗಳು, ಸಂಘಗಳ ಆಮಂತ್ರಣ ಪತ್ರಿಕೆಗಳು ಈ ಚರಿತ್ರೆಯ ಶಾಸನಗಳು. ಕಲ್ಲಿನ ಶಾಸನ ಮಣ್ಣಿನಲ್ಲಿ ಹೂತರೂ ಉಳಿಯುತ್ತದೆ. ಸಣ್ಣ ಫ್ಲ್ಯಾಟಿನ ಅಟ್ಟದ ಮೇಲಿನ ಕಾಗದದ ಕಟ್ಟು ಮನೆ ಬದಲಿಸಿದಾಗ ರದ್ದಿಗೆ ಹೋಗುತ್ತದೆ. ಹಿರಿಯ ತಲೆಮಾರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಅವುಗಳ ಸಂಗ್ರಹ ಮತ್ತು ಸೂಚೀಕರಣ ವಿಳಂಬಕ್ಕೆ ಆಸ್ಪದವಿಲ್ಲದ ಕಾರ್ಯ. ಕರ್ನಾಟಕದೊಳಗಿನ ವಿಶ್ವವಿದ್ಯಾಲಯಗಳೂ ಹೊರನಾಡಿನ ಪೀಠಗಳೂ ಇದನ್ನು ಹಂಚಿಕೊಂಡು ಕೈಗೆತ್ತಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.