ಸ್ನಾಯುಗಳನ್ನು ಹಿಗ್ಗಿಸುವ ವಿಧಾನಗಳು: ಒಂದು ಚಾರಿತ್ರಿಕ ಪರಿಶೀಲನೆ

ವ್ಯಾಯಾಮಶಿಕ್ಷಣದಲ್ಲಿ ಒಂದು ವಿಧಾನವು ಮತ್ತೊಂದಕ್ಕೆ ಎಡೆಗೊಟ್ಟಾಗ, ಹಳೆಯದು ಸುಳ್ಳೆಂದು ಸಿದ್ಧವಾಯಿತೆಂದು ಭಾವಿಸುವುದುಂಟು. ಸ್ನಾಯುಗಳನ್ನು ಹಿಗ್ಗಿಸುವ ವಿಧಾನಗಳ ಇತಿಹಾಸವು ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಇಲ್ಲಿ ಉತ್ತರಕ್ಕಿಂತ ಮೊದಲು ಬದಲಾದುದು ಪ್ರಶ್ನೆಯೇ ಎಂಬುದು ನಮ್ಮ ಅಭಿಪ್ರಾಯ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೂರು ವಿಧಾನಗಳು ಪ್ರಚಾರದಲ್ಲಿದ್ದುವು. ಅಂಗವನ್ನು ಮೇಲಿಂದ ಮೇಲೆ ಜಗ್ಗಿ ಬಿಡುವುದು ಮೊದಲನೆಯದು. ಹಿಗ್ಗಿಸಿದ ಭಂಗಿಯಲ್ಲಿ ನಿಶ್ಚಲವಾಗಿ ನಿಲ್ಲುವುದು ಎರಡನೆಯದು. ಮೂರನೆಯದು ರೋಗಿಗಳ ಆರೈಕೆಯಿಂದ ಬಂದುದು. 1940ರ ದಶಕದಲ್ಲಿ ಅಮೆರಿಕದ ವೈದ್ಯ ಹರ್ಮನ್ ಕ್ಯಾಬಟ್ ಅವರೂ ಅವರ ಸಹೋದ್ಯೋಗಿ ಮಾರ್ಗರೆಟ್ ನಾಟ್ ಅವರೂ ಅಂಗಬಲ ಕುಂದಿದವರಿಗಾಗಿ ರೂಪಿಸಿದ ಚಿಕಿತ್ಸೆಯೇ ಇದರ ಮೂಲ. ಸಹಾಯಕನ ಕೈಗೆ ಎದುರಾಗಿ ಸ್ನಾಯುವನ್ನು ಬಿಗಿದು, ಅನಂತರ ಸಡಿಲಬಿಟ್ಟು ಹಿಗ್ಗಿಸುವುದು ಇದರ ಕ್ರಮ.

1962ರಲ್ಲಿ ಹರ್ಬರ್ಟ್ ಡಿ ವ್ರೀಸ್ ಮೊದಲೆರಡನ್ನು ಹೋಲಿಸಿ ನೋಡಿದರು. ಅಂಗನಮ್ಯತೆ ಎರಡರಿಂದಲೂ ಹೆಚ್ಚಿತು. ಗಣನೀಯವಾದ ಅಂತರ ಕಾಣಲಿಲ್ಲ. ಆದರೂ ಅಪಾಯವೂ ಶ್ರಮವೂ ಕಡಮೆಯೆಂದು ಅವರು ನಿಶ್ಚಲವಿಧಾನವನ್ನು ಮೆಚ್ಚಿದರು. ಮುಂದಿನ ದಶಕಗಳಲ್ಲಿ ಆಟಕ್ಕೆ ಮುನ್ನ ಹಾಗೆ ನಿಲ್ಲುವುದು ಮೈದಾನದ ವಾಡಿಕೆಯಾಯಿತು.

ಅಲ್ಲಿಯವರೆಗೆ ವಿದ್ವಾಂಸರು ಮುಖ್ಯವಾಗಿ ಅಳೆದುದು ನಮ್ಯತೆಯನ್ನು. 1998ರಲ್ಲಿ ಕೊಕ್ಕೊನೆನ್ ಮತ್ತು ಸಂಗಡಿಗರು ಬಲವನ್ನು ಅಳೆದರು. ಹಿಗ್ಗಿಸಿದ ಬೆನ್ನಲ್ಲೇ ಮಂಡಿಯನ್ನು ಮಡಿಸುವ ಬಲವು ಶೇಕಡಾ 7.3ರಷ್ಟೂ, ಚಾಚುವ ಬಲವು ಶೇಕಡಾ 8.1ರಷ್ಟೂ ಕುಗ್ಗಿತ್ತು. ವಾಡಿಕೆಯ ಬಗ್ಗೆ ಸಂದೇಹ ಬೆಳೆಯಿತು. ಜಗ್ಗದೆ, ಹತೋಟಿಯಲ್ಲಿ ಕೈಕಾಲುಗಳನ್ನು ಬೀಸುವ ಚಲನವಿಧಾನಕ್ಕೆ ಮನ್ನಣೆ ದೊರೆಯಿತು.

ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ಡೇವಿಡ್ ಬೆಹ್ಮ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ವಿಮರ್ಶೆಯು ಈ ವಾದಕ್ಕೆ ಮಿತಿಯನ್ನು ಹಾಕಿತು. ಬಲ, ನೆಗೆತ ಮೊದಲಾದ ಸಾಮರ್ಥ್ಯಗಳಲ್ಲಿ ತತ್ಕ್ಷಣ ಕಂಡ ಸರಾಸರಿ ಇಳಿತ ನಿಶ್ಚಲವಿಧಾನದಲ್ಲಿ ಶೇಕಡಾ 3.7, ಬಿಗಿದು ಸಡಿಲಿಸುವ ವಿಧಾನದಲ್ಲಿ 4.4, ಚಲನವಿಧಾನದಲ್ಲಾದರೋ 1.3ರಷ್ಟು ಏರಿಕೆ. ಒಂದು ಸ್ನಾಯುವನ್ನು 60 ಸೆಕೆಂಡಿಗಿಂತ ಕಡಮೆ ಕಾಲ ಹಿಗ್ಗಿಸಿದಾಗ ಇಳಿತವು 1.1 ಮಾತ್ರ; ಅದಕ್ಕೆ ಮೇಲ್ಪಟ್ಟರೆ 4.6. ಮೂರೂ ವಿಧಾನಗಳು ನಮ್ಯತೆಯನ್ನು ಹೆಚ್ಚಿಸಿದುವು. ಇದಕ್ಕೂ ಮೊದಲೇ, 2004ರಲ್ಲಿ, ನಿಯತವಾಗಿ ಬಹುದಿನ ಹಿಗ್ಗಿಸುವ ಅಭ್ಯಾಸದಿಂದ ಬಲವು ವೃದ್ಧಿಯಾಗುವುದೆಂದು ಇಯಾನ್ ಶ್ರಯರ್ ತಮ್ಮ ವಿಮರ್ಶೆಯಲ್ಲಿ ತೋರಿಸಿದ್ದರು.

ಆದುದರಿಂದ ಡಿ ವ್ರೀಸ್ ಅವರ ಅಳತೆಯನ್ನು ಕೊಕ್ಕೊನೆನ್ ಅವರ ಅಳತೆ ಅಳಿಸಿಹಾಕಲಿಲ್ಲ. ಒಂದು ನಮ್ಯತೆಯನ್ನು ಕುರಿತದ್ದು, ಇನ್ನೊಂದು ಆ ಗಳಿಗೆಯ ಬಲವನ್ನು ಕುರಿತದ್ದು. ಒಂದಕ್ಕೆ ದೊರೆತ ಉತ್ತರವನ್ನು ಇನ್ನೊಂದಕ್ಕೂ ಅನ್ವಯಿಸಿದುದೇ ವಾಡಿಕೆಯ ದೋಷ. ಓಟಕ್ಕೆ ಅಣಿಯಾಗಿ ನಿಂತ ವಿದ್ಯಾರ್ಥಿಗೆ ದೀರ್ಘಕಾಲ ನಿಶ್ಚಲವಾಗಿ ನಿಲ್ಲುವಂತೆ ವಿಧಿಸುವ ಮುನ್ನ, ಆ ವಿಧಿಯು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದನ್ನು ನಾವು ವಿಚಾರಿಸುವುದು ಯುಕ್ತ.